ಹೊಳೆಯ ಬೀಗರು

ಆಷಾಢ ಕಳೆದು ಶ್ರಾವಣ ಕಾಲಿಟ್ಟಿತ್ತು. ಗೋವಿನಕೋವಿಯ ಮೇಲುಗಡೆ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಹೊಸ ಅಣೆಕಟ್ಟಿನ ಲೋಕಾರ್ಪಣೆ ಅಂದು. ಹೊಳೆದಂಡೆಯ ಮೇಲೆ ಹಾಕಿದ್ದ ಶಾಮಿಯಾನದಡಿ ಒಂದು ಊರನ್ನೇ ಎತ್ತಿ ತಂದು ಕೂರಿಸಬಹುದಿತ್ತು. ನ್ಯಾಮತಿ, ಹೊನ್ನಾಳಿ ಕಡೆಯವರು ಬೈಕುಗಳಲ್ಲಿ ಬಂದರು. ಚನ್ನಗಿರಿ ಕಡೆಯವರು ಟ್ರಾಕ್ಟರುಗಳಲ್ಲಿ ಬಂದರು. ಎಲ್ಲರಿಗಿಂತ ದೂರದ ಜಗಳೂರು ಸೀಮೆಯವರು ಬಸ್ಸು ಮಾಡಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಬಾರದೆ ಏನು? ಇಲ್ಲಿ ನಿಂತ ನೀರು ಪೈಪು ಹತ್ತಿ ಹೋಗಿ ಬೀಳಬೇಕಾದದ್ದು ಅವರ ಕೆರೆಗಳಿಗೆ.

ಆ ಬಸ್ಸುಗಳಲ್ಲಿ ಒಂದು ಮರಡಿಹಟ್ಟಿಯದು. ಅದರ ಮುಂದಿನ ಸೀಟಿನಲ್ಲಿ ತಾಮ್ರದ ಕೊಡವನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವಳು ಶಂಕ್ರಮ್ಮ. ಹುಟ್ಟಿದ್ದು ಗೋವಿನಕೋವಿಯಲ್ಲಿ, ಕೊಟ್ಟದ್ದು ಮರಡಿಹಟ್ಟಿಗೆ. ಹೊಳೆ ಬಿಟ್ಟು ಬೋರ್‌ವೆಲ್ಲಿಗೆ ಬಂದ ಹೆಣ್ಣು ಎಂದು ಅತ್ತೆಯೇ ಮರುಗುತ್ತಿದ್ದಳಂತೆ. ಆದರೆ ಈಗ ಶಂಕ್ರಮ್ಮನ ಚಿಂತೆ ನೀರಿನದಾಗಿರಲಿಲ್ಲ. ಮಗಳು ವಾಣಿಶ್ರೀಯ ಮದುವೆ ಇದೇ ಶ್ರಾವಣದ ಕೊನೆಗೆ ಗೊತ್ತಾಗಿತ್ತು. ಹಂದರದಲ್ಲಿ ಸೋದರಮಾವ ನಿಲ್ಲದೆ ಹೆಣ್ಣಿನ ಮದುವೆ ಹೇಗಾದೀತು? ಇದ್ದ ಒಬ್ಬನೇ ಸೋದರಮಾವ, ಶಂಕ್ರಮ್ಮನ ಅಣ್ಣ ಮುರುಗೇಶಪ್ಪ, ಅವಳ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟು ಏಳೆಂಟು ವರ್ಷವಾಗಿತ್ತು.

ಜಗಳ ಆದದ್ದು ಅವಳ ಹೊಸಮನೆಯ ಗೃಹಪ್ರವೇಶದಲ್ಲಿ. ಟ್ಯಾಂಕರು ತಡವಾಯಿತು, ಟ್ಯಾಂಕರು ತಡವಾದ್ದರಿಂದ ಅಡಿಗೆ ತಡವಾಯಿತು, ಪಂಕ್ತಿ ಕೂತಾಗ ಹೊತ್ತು ಇಳಿದಿತ್ತು. ಎಲೆಯ ಮುಂದೆ ಕೂತ ಮುರುಗೇಶಪ್ಪ, "ಈ ಊರಾಗೆ ದೇವರಿಗೂ ಧೂಳಿನ ಅಭಿಷೇಕಾನೇ ಏನ್ರಪ್ಪಾ?" ಅಂದ. ಸೌಟು ಹಿಡಿದು ಬಡಿಸುತ್ತಿದ್ದ ಶಂಕ್ರಮ್ಮನ ಗಂಡ ನಾಗೇಂದ್ರಪ್ಪ ಸುಮ್ಮನಿರಬಹುದಿತ್ತು. "ಹೊಳೆದಂಡೇಲಿ ಹುಟ್ಟಿದ್ದಕ್ಕೆ ನಿಮ್ಗೆ ನಾಲಿಗೆ ಮಾತ್ರ ತೇವ ಐತೆ ಭಾವ, ಎದೆ ಪೂರ್ತಿ ಒಣಗೈತೆ" ಅಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮುರುಗೇಶಪ್ಪ ಉಣ್ಣದೆ ಎದ್ದು ಹೋದ.

ಅಂದಿನಿಂದ ಇಬ್ಬರದೂ ಒಂದೇ ಹಟ. "ಉಣ್ಣದೆ ಎದ್ದೋದೋನು ಅವನು. ಅವನೇ ಬರ್ಲಿ, ಬ್ಯಾಡ ಅನ್ನಲ್ಲ" ಎಂದು ನಾಗೇಂದ್ರಪ್ಪ. "ಎಲೆ ಅಡಿಕೆ ಕೊಟ್ಟು ಕರೆಯದೋರ ಮದುವೆಗೆ ನಾನ್ಯಾಕೆ ಹೋಗ್ಲಿ" ಎಂದು ಮುರುಗೇಶಪ್ಪ. ನಡುವೆ ಶಂಕ್ರಮ್ಮ ಪಂಚಮಿಗೆ ತವರಿಗೆ ಹೋಗಿ ಉಂಡೆ ತಿಂದು ಬರುತ್ತಿದ್ದಳು. ಈ ಸಲದ ಪಂಚಮಿಗೂ ಮದುವೆಯ ಮಾತು ಎತ್ತಲಾರದೆ ಎಳ್ಳುಂಡೆಯ ಡಬ್ಬಿಯೊಂದಿಗೆ ವಾಪಸು ಬಂದಿದ್ದಳು.

ಬಸ್ಸು ನಿಂತಾಗ ವಾಣಿಶ್ರೀ ಅಪ್ಪನನ್ನು ಎಬ್ಬಿಸಲು ನೋಡಿದಳು. "ಇಳೀರಿ ಅಪ್ಪಾಜಿ, ಮುಂದೆ ಜಾಗ ಹಿಡೀಬೇಕು."

"ಬಸ್ಸಿಗೆ ಒಬ್ರು ಕಾವಲು ಬ್ಯಾಡ್ವೇನಮ್ಮ?" ಎಂದು ನಾಗೇಂದ್ರಪ್ಪ ಹಿಂದಿನ ಸೀಟಿನಲ್ಲಿ ಮಂಡಕ್ಕಿಯ ಪೊಟ್ಟಣ ಬಿಚ್ಚಿದ. "ಮೈಕು ಇಲ್ಲಿಗೂ ಕೇಳ್ತೈತೆ."

ಸ್ವಾಗತ ಸಮಿತಿಯ ಅಧ್ಯಕ್ಷ ಮುರುಗೇಶಪ್ಪನೇ ಆಗಿದ್ದ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಜರಿಯಂಚಿನ ಟವೆಲು. ತಂಗಿಯನ್ನು ಕಂಡವನೇ ಮುಖ ಅರಳಿಸಿ ಬಂದ.

"ಬಂದ್ಯಾ ಶಂಕ್ರೀ? ತಿಂಡಿ ಆತಾ? ಒಬ್ಳೇ ಬಂದ್ಯಾ?"

"ಅವ್ರೂ ಬಂದಾರೆ ಅಣ್ಣ. ಬಸ್ಸಿನಾಗೆ ಅದಾರೆ."

"ಇರ್ಲಿ, ಇರ್ಲಿ. ಬಸ್ಸಿನಾಗೆ ಗಾಳಿ ಚೆನ್ನಾಗಿರ್ತೈತೆ" ಎಂದ ಮುರುಗೇಶಪ್ಪ ವಾಣಿಶ್ರೀಯ ತಲೆ ಸವರಿ, ಮದುವೆಯ ಮಾತು ಬರುವ ಮೊದಲೇ ಶಾಮಿಯಾನದ ಹಗ್ಗ ಬಿಗಿದಿದೆಯೋ ಇಲ್ಲವೋ ನೋಡಲು ಹೊರಟುಹೋದ.

ಅಂದು ಸರ್ಕಾರದ ಕಾರ್ಯಕ್ರಮ ಒಂದಿತ್ತು, ಹೆಂಗಸರ ಕಾರ್ಯಕ್ರಮ ಒಂದಿತ್ತು. ಸರ್ಕಾರದ್ದರಲ್ಲಿ ಮಂತ್ರಿಗಳು ಹೊಳೆಗೆ ಬಾಗಿನ ಬಿಟ್ಟು, ಗುಂಡಿ ಒತ್ತಿ, ಗೇಟು ತೆಗೆದು, ಭಾಷಣ ಮಾಡಬೇಕು. ಹೆಂಗಸರದ್ದು ಬೇರೆ. ಹೊಳೆ ನಮ್ಮೂರ ಮಗಳು, ಈಗ ಜಗಳೂರು ಸೀಮೆಗೆ ಹೋಗುತ್ತಿದ್ದಾಳೆ, ಬರಿ ಉಡಿಯಲ್ಲಿ ಕಳಿಸಬಾರದು ಎಂದು ಗೋವಿನಕೋವಿಯವರು ಮೊದಲೇ ತೀರ್ಮಾನಿಸಿದ್ದರು. ಹೊಳೆಯನ್ನೇ ಹಸೆಯ ಮೇಲೆ ಕೂರಿಸಲಾದೀತೆ? ಮರಡಿಹಟ್ಟಿಯವರು ತಂದ ತಾಮ್ರದ ಕೊಡದಲ್ಲಿ ಹೊಳೆಯ ನೀರು ತುಂಬಿ, ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ವೇದಿಕೆಯ ಪಕ್ಕದ ಮಣೆಯ ಮೇಲೆ ಕೂರಿಸಿದರು. ಪೈಪಿನ ನೀರು ಬರುವುದಕ್ಕೆ ಮುಂಚೆ ಈ ಕೊಡದ ನೀರು ಮರಡಿಹಟ್ಟಿ ಕೆರೆಗೆ ಬೀಳಬೇಕು. ಹೀಗಾಗಿ ಗೋವಿನಕೋವಿಯವರು ಹೆಣ್ಣಿನ ಕಡೆ, ಮರಡಿಹಟ್ಟಿಯವರು ಗಂಡಿನ ಕಡೆ ಎಂದಾಯಿತು. ಬೀಗರು ಎಂದಮೇಲೆ ಎದುರುಬದುರು ಕೂರಬೇಕಲ್ಲ, ಕೂತರು.

ಮಂತ್ರಿಗಳು ಬರಲಿಲ್ಲ. ಮೋಡ ಕವಿದು ಹೆಲಿಕಾಪ್ಟರ್ ಎಲ್ಲೋ ಇಳಿದು ಕಾಯುತ್ತಿದೆ ಎಂದು ಸುದ್ದಿ ಬಂತು. ನಿರೂಪಣೆಗೆ ನಿಂತಿದ್ದವರು ಕೆರೆಬಿಳಚಿಯ ಸತೀಶ್ ಕುಮಾರ್ ಮೇಷ್ಟ್ರು. ಸುತ್ತಿನ ಯಾವ ಸಮಾರಂಭವೂ ಅವರ ಗಂಟಲಿಲ್ಲದೆ ನಡೆಯುತ್ತಿರಲಿಲ್ಲ. ಜನ ಎದ್ದು ಹೋಗದಿರಲೆಂದು ಅವರು ತಮ್ಮ ಸೀಮೆಯ ಸೂಳೆಕೆರೆಯ ವರ್ಣನೆಗೆ ಇಳಿದರು. ಕೆರೆಯ ಏರಿಯಾಯಿತು, ತೂಬಾಯಿತು, ಮೀನಾಯಿತು.

"ಮೇಷ್ಟ್ರೇ, ಕೆರೆ ಸಾಕು, ಹೊಳೆಗೆ ಬರ್ರಿ!" ಎಂದು ಯಾರೋ ಕೂಗಿದರು.

"ಬಂದೆ, ಬಂದೆ. ಅಲ್ಲೀತನಕ ತಾಯಂದಿರು ಯಾರಾದ್ರೂ ಒಂದು ಪದ ಹೇಳ್ತೀರಾ?" ಎಂದು ಮೇಷ್ಟ್ರು ಮೈಕು ಹಿಡಿದು ಕೆಳಗಿಳಿದರು. ಅದೇ ಅವರು ಮಾಡಿದ ಪುಣ್ಯದ ಕೆಲಸ.

ಗೋವಿನಕೋವಿಯ ಹೆಂಗಸರು ಕಾಯುತ್ತಿದ್ದವರ ಹಾಗೆ ಶುರು ಮಾಡಿದರು. ಬೀಗರನ್ನು ಹಳಿದು ಹಾಡುವುದಕ್ಕೆ ಯಾರಿಗೆ ಯಾರು ಹೇಳಿಕೊಡಬೇಕು?

"ಬಂದಾರೆ ನೋಡಮ್ಮ ಬಟ್ಟಬಯಲಿನ ಬೀಗರು
ಬಾಯಾರಿ ಬಂದಾರೆ ಬಸ್ಸಿನಲಿ | ನಮ್ಮೂರ
ಬಿಂದಿಗೆ ಕಂಡು ಬೆರಗಾಗಿ"

ಶಾಮಿಯಾನ ಹೋ ಎಂದಿತು. ಮರಡಿಹಟ್ಟಿಯ ಕಡೆ ಎಲ್ಲರೂ ಗಿಡ್ಡಮ್ಮನ ಮುಖ ನೋಡಿದರು. ಗಿಡ್ಡಮ್ಮ ಹೆಸರಿಗೆ ಮಾತ್ರ ಗಿಡ್ಡ. ಆರಡಿ ಎತ್ತರದ ಹೆಂಗಸು. ಕಳೆ ತೆಗೆಯುವ ಹೊಲಗಳಲ್ಲಿ ಹಾಡಿ ಹಾಡಿ ಪಳಗಿದ ಗಂಟಲು. ಅವಳ ಮೊಮ್ಮಗಳು ಸಂಘಮಿತ್ರಾ ಫೋನು ಎತ್ತಿ ಹಿಡಿದು, "ಬಿಡಬ್ಯಾಡಜ್ಜಿ, ವಿಡಿಯೋ ಮಾಡ್ತಿದೀನಿ" ಅಂದಳು. ಶಂಕ್ರಮ್ಮ ಮಾತ್ರ ಅವಳ ಸೆರಗು ಜಗ್ಗಿ, "ನಮ್ಮಣ್ಣ ಅಲ್ಲೇ ನಿಂತಾನೆ ಗಿಡ್ಡಮ್ಮ, ಜರಾ ಮೆತ್ತಗೆ" ಎಂದು ಪಿಸುಗುಟ್ಟಿದಳು.

"ಮೆತ್ತಗೆ ಹಾಡಾಕೆ ಇದೇನು ಜೋಗುಳನಾ ಶಂಕ್ರವ್ವ?" ಎಂದು ಗಿಡ್ಡಮ್ಮ ಮೈಕು ಈಸಿಕೊಂಡಳು.

"ಹೊಳೆದಂಡೆ ಊರೋರು ಹೊಟ್ಟೆ ಬಲು ದೊಡ್ಡೋರು
ಅಳೆಯೋಕೆ ಕೂತಾರೆ ಸಣ್ಣ ಕೈಲಿ | ಬೊಗಸೆ
ನೀರ್ ಕೊಟ್ಟು ಊರೆಲ್ಲ ಸಾರ್ಯಾರೆ"

ಈಗ ಹೋ ಎಂದದ್ದು ಬರೀ ಜಗಳೂರಿನವರಲ್ಲ. ಚನ್ನಗಿರಿಯ ಟ್ರಾಕ್ಟರುಗಳೂ ಹಾರನ್ನು ಹೊಡೆದವು. ಗೋವಿನಕೋವಿಯವರಿಗೆ ಮರುಪದ ತಕ್ಷಣ ಒದಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದನ್ನು ಕಂಡು ಮುರುಗೇಶಪ್ಪನಿಗೆ ತಡೆಯಲಾಗಲಿಲ್ಲ. ಅವನೂ ಭಜನೆ ತಂಡದ ಮುಂದಾಳು, ಸೋಮವಾರದ ತಾಳ ಹಿಡಿದ ಕೈ. ಊರಿನ ಮಾನ ಹೋಗುವಾಗ ಸ್ವಾಗತ ಸಮಿತಿ ಸುಮ್ಮನಿರಲಾದೀತೆ?

"ಕೊಡ್ರಿ ಇಲ್ಲಿ ಮೈಕು" ಎಂದ. ಹಸೆಯ ಮೇಲಿನ ಕೊಡದ ಪಕ್ಕ ನಿಂತು, ಅದರ ಹಸಿರು ಸೆರಗು ಸರಿಮಾಡಿ, ಗಂಟಲೆತ್ತಿದ.

"ಎತ್ತಿ ಆಡಿಸಿದೂರು, ಮುತ್ತು ಕೊಟ್ಟೂರು ನಮ್ಮದು
ಇತ್ತ ನಿಂತವ ಇವಳ ಹಿರಿಯಣ್ಣ | ನಾ ಉಡಿಯ
ತುಂಬಿದರೆ ತಾನೆ ನಿಮಗ್ಹೆಣ್ಣು"

ಪದ ಚೆನ್ನಾಗಿತ್ತು. ಹಾಡಿದ್ದು ಇನ್ನೂ ಚೆನ್ನಾಗಿತ್ತು. ಗೋವಿನಕೋವಿಯವರು ಚಪ್ಪಾಳೆ ತಟ್ಟುತ್ತಲೇ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬಿದ್ದ ಮೊರವನ್ನು ಅವನ ಮುಂದೆ ಹಿಡಿದರು. ಮುರುಗೇಶಪ್ಪ ಹಿಗ್ಗಿನಲ್ಲಿ ಎರಡೂ ಕೈ ತುಂಬ ಅಕ್ಕಿ ಎತ್ತಿ ಹೊಳೆಯ ಉಡಿಗೆ ಸುರಿದ. ಸುರಿದು ಕೈ ಮುಗಿದ. ಗೆದ್ದೆನೆಂದು ಮೀಸೆಯನ್ನೂ ಒಮ್ಮೆ ತೀಡಿದ.

ಗಿಡ್ಡಮ್ಮ ಅವಸರಪಡಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಉಡಿಯ ತುಂಬಿದ ಅಣ್ಣ ಒಡನೆ ಹೊರಡಲೆ ಬೇಕು
ಒಡಹುಟ್ಟಿದೋಳು ಒಬ್ಬಳೆ ಬರುವಳೆ | ಊರೋರೆ
ನಡೆವಣ್ಣನ ಕಾಲು ನೋಡೀರೆ"

 ಎರಡೂ ಕಡೆಯ ಹೆಂಗಸರು ಒಟ್ಟಿಗೇ ನಕ್ಕರು. ಗೋವಿನಕೋವಿಯವರೇ ಹೆಚ್ಚು ನಕ್ಕರು. ಏಕೆಂದರೆ ಈ ಸೀಮೆಯ ನಡಾವಳಿ ಎಲ್ಲರಿಗೂ ಗೊತ್ತು: ಹೆಣ್ಣು ಮೊದಲ ಸಲ ಗಂಡನ ಮನೆಗೆ ಹೊರಟಾಗ ತವರಿನ ಒಬ್ಬರು ಜೊತೆಗೆ ಹೋಗಬೇಕು, ಹೋಗಿ ಆ ಮನೆಯಲ್ಲಿ ಉಣ್ಣಬೇಕು. ಉಡಿ ತುಂಬಿದ ಅಣ್ಣನಿದ್ದರೆ ಅವನೇ ಹೋಗಬೇಕು. ಮಾಮೂಲು ಪ್ರಕಾರ ಉಡಿ ತುಂಬುವವರು ಹೆಂಗಸರು. ಹಾಡಿನ ಹುರುಪಿನಲ್ಲಿ ತಾನೇ ಕೈ ಹಾಕಿದವನು ಮುರುಗೇಶಪ್ಪ.

ಮೇಷ್ಟ್ರಿಗೆ ಖುಷಿಯೋ ಖುಷಿ. "ಏನ್ರೀ ತಾಯಂದಿರೇ, ಹಿಂಗೂ ಒಂದು ಪದ್ಧತಿ ಐತಾ?"

"ಐತೆ! ಐತೆ!"

"ಅಧ್ಯಕ್ಷರು ಹೋಗಲೇಬೇಕಾ?"

"ಹೋಗಲೇಬೇಕು!"

ಮುರುಗೇಶಪ್ಪನ ಕಿವಿ ಕೆಂಪಾದವು. ಶಂಕ್ರಮ್ಮ ಎದ್ದು ಬಂದಳು. ಹಾಡು ಬಾರದವಳು ಅವಳು, ಮೈಕಿನ ಮುಂದೆ ಎಂದೂ ನಿಂತವಳಲ್ಲ. ಹಸೆಯ ಮೇಲಿನ ಕೊಡ ಎತ್ತಿ ಅಣ್ಣನ ಮುಂದೆ ಹಿಡಿದಳು.

"ನನ್ನ ಕಳಿಸುವಾಗ ನೀನೇ ಬಂದಿದ್ದೆ ಅಣ್ಣ. ಎತ್ತಿನ ಗಾಡಿಯಾಗೆ. ಇವಳ ಜತೆಗೂ ಬಾ."

ಮೆಲ್ಲಗೆ ಹೇಳಿದಳು. ಆದರೆ ಮೇಷ್ಟ್ರ ಕೈಯ ಮೈಕು ಅವಳ ಗಲ್ಲದ ಹತ್ತಿರವೇ ಇತ್ತು. ಮಾತು ಹೊಳೆಯಾಚೆಯ ಸ್ಪೀಕರಿನಲ್ಲೂ ಕೇಳಿಸಿತು. ಮುರುಗೇಶಪ್ಪ ಬಾಯಿ ತೆರೆದ. ಏನೆನ್ನುತ್ತಿದ್ದನೋ, ಅಷ್ಟರಲ್ಲಿ ಮೋಡ ಸೀಳಿ ಪಟಪಟ ಸದ್ದು ಬಂತು.

"ಹೆಲಿಕಾಪ್ಟರ್! ಹೆಲಿಕಾಪ್ಟರ್!"

ಕುರ್ಚಿಗಳು ಉರುಳಿದವು. ಹಾರದ ಬುಟ್ಟಿಗಳು ಓಡಿದವು. ಮುರುಗೇಶಪ್ಪ, "ಮಂತ್ರಿಗಳು ಬಂದ್ರು ಶಂಕ್ರೀ, ಮಂತ್ರಿಗಳು" ಎಂದು ಹೇಳುತ್ತ ಹಿಂದೆ ಸರಿದು ಜನರಲ್ಲಿ ಕರಗಿಹೋದ. ಕೊಡ ಶಂಕ್ರಮ್ಮನ ಕೈಯಲ್ಲೇ ಉಳಿಯಿತು.

ಮುಂದಿನದೆಲ್ಲ ಆಗಬೇಕಾದ ಹಾಗೆಯೇ ಆಯಿತು. ಮಂತ್ರಿಗಳು ಬಾಗಿನ ಬಿಟ್ಟರು. ಗುಂಡಿ ಒತ್ತಿದರು. ಸೈರನ್ನು ಕೂಗಿ, ಕಬ್ಬಿಣದ ಗೇಟುಗಳು ಒಂದರ ಹಿಂದೊಂದು ಮೇಲೆದ್ದವು. ನೀರು ಬಂತು. ಬಂತೆಂದರೆ, ಮಾತಾಡುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ಹಾಲಿನಂಥ ನೀರು ಕೆಂಪಾಗಿ, ಕೆಂಪು ಮತ್ತೆ ಹಾಲಾಗಿ, ಧುಮುಕಿ, ಎದ್ದು, ಹನಿಯ ಹೊಗೆಯಾಗಿ ಶಾಮಿಯಾನದವರೆಗೂ ಹಾರಿತು. ಗಿಡ್ಡಮ್ಮ ಎರಡೂ ಕೈ ಎತ್ತಿ ತಲೆಯ ಮೇಲೆ ಮುಗಿದಳು. "ಶಿವನೇ" ಎಂದರು ಕೆಲವರು. ಕೆಲವರು ಏನೂ ಅನ್ನಲಿಲ್ಲ, ಅವರದೂ ಅದೇ ಅರ್ಥ. ವಾಣಿಶ್ರೀ ಅವ್ವನ ತೋಳು ಹಿಡಿದು ನಿಂತಿದ್ದಳು. ಶಂಕ್ರಮ್ಮ ಮಾತ್ರ ಕೊಡ ಹಿಡಿದುಕೊಂಡೇ ನೀರಿನ ಕಡೆ ಒಮ್ಮೆ ತಲೆ ಬಾಗಿಸಿ, ಮತ್ತೆ ವೇದಿಕೆಯ ಕಡೆಗೇ ನೋಡಿದಳು. ಅಲ್ಲಿ ಹಾರಗಳ ಗುಡ್ಡದ ನಡುವೆ ಅಣ್ಣನ ಟವೆಲಿನ ಜರಿ ಮಿಂಚಿತು, ಮರೆಯಾಯಿತು.

ಭಾಷಣ ಅರ್ಧವಾಗುವಾಗ ಬಸ್ಸಿನ ಡ್ರೈವರು ದುರುಗಪ್ಪ ಬಂದು ಅವಸರ ಮಾಡಿದ. ದಾವಣಗೆರೆ ದಾಟಿ ಹೋಗಬೇಕು, ಕತ್ತಲೆಯಾದರೆ ಕೆರೆಯ ಪೂಜೆ ತಪ್ಪುತ್ತದೆ. ಹೆಂಗಸರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಹಿಂದಿನ ಸೀಟಿನ ನಾಗೇಂದ್ರಪ್ಪ ಹೆಂಡತಿಯ ಮುಖ ನೋಡಿದ. ಮೈಕಿನಲ್ಲಿ ಎಲ್ಲವನ್ನೂ ಕೇಳಿದ್ದ.

"ರೀ, ಒಂದು ಮಾತು ಹೇಳ್ತೀನಿ" ಎಂದಳು ಶಂಕ್ರಮ್ಮ. "ನಾಳೆ ನಾನೊಬ್ಳೇ ಹೋಗಿ ಅಣ್ಣಂಗೆ ಎಲೆ ಅಡಿಕೆ ಕೊಟ್ಟು ಬರ್ತೀನಿ. ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ."

"ಗಂಡ ಬದುಕಿರೋವಾಗ ಹೆಣ್ಣೊಬ್ಳೇ ಕರೆಯಾಕೆ ಹೋಗೋದು ಯಾವ ಪದ್ಧತಿ?"

"ಗಂಡ ಬಸ್ಸು ಕಾಯ್ತಾ ಕೂರೋದು ಯಾವ ಪದ್ಧತಿ?" ಎಂದಳು ಗಿಡ್ಡಮ್ಮ ಮುಂದಿನ ಸೀಟಿನಿಂದ, ತಿರುಗಿ ನೋಡದೆಯೇ. ನಾಗೇಂದ್ರಪ್ಪ ಮಂಡಕ್ಕಿಯ ಖಾಲಿ ಪೊಟ್ಟಣವನ್ನು ಸಣ್ಣಗೆ ಮಡಚತೊಡಗಿದ.

ದುರುಗಪ್ಪ ಗೇರು ಹಾಕಿದ. ಬಸ್ಸು ಅಲುಗಿತು. ಆಗ ಬಾಗಿಲನ್ನು ಯಾರೋ ದಬದಬ ಬಡಿದರು.

"ನಿಲ್ಲಿಸ್ರಪ್ಪಾ! ಹೆಣ್ಣು ಬಿಟ್ಟು ಹೊಂಟೀರಾ?"

ಮುರುಗೇಶಪ್ಪ. ಕೊರಳಲ್ಲಿ ಯಾರದೋ ಹಾರ, ಮೈಯೆಲ್ಲ ಬೆವರು. ಪಂಚೆ ಎತ್ತಿ ಕಟ್ಟಿಕೊಂಡು ಹತ್ತಿದ.

"ಹೆಣ್ಣು ಒಳಗೇ ಐತೆ ಮಾರಾಯ್ರೇ, ನೀವೇ ಹಿಂದುಳಿದೋರು" ಎಂದಳು ಗಿಡ್ಡಮ್ಮ.

"ಅಣ್ಣ, ಮಂತ್ರಿಗಳ ಊಟ?" ಎಂದಳು ಶಂಕ್ರಮ್ಮ.

"ಅವರಿಗೆ ಬಡಿಸಾಕೆ ಜನ ಅದಾರೆ. ಆ ನೀರು ಬಿದ್ದ ರಭಸ ನೋಡಿದ್ಯಾ ಶಂಕ್ರೀ? ನೋಡ್ತಾ ನಿಂತೆ. ನಾನು ಉಡಿ ತುಂಬಿದೋಳು ಹಂಗೆ ಕುಣ್ಕಂತ ಹೊಂಟಾಳೆ, ನಾನು ಇಲ್ಲಿ ಯಾರದೋ ಭಾಷಣಕ್ಕೆ ತಲೆ ಆಡಿಸ್ತಾ ಕೂರೋದಾ ಅನ್ನಿಸ್ತು." ಕೊಡವನ್ನು ತಂಗಿಯ ಕೈಯಿಂದ ತೆಗೆದುಕೊಂಡ. "ಎಲ್ಲಿ ಕೂರ್ಲಿ?"

ಬಸ್ಸಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಹಿಂದಿನ ಸೀಟಿನಲ್ಲಿ, ನಾಗೇಂದ್ರಪ್ಪನ ಪಕ್ಕ. ಅದು ಖಾಲಿ ಉಳಿದದ್ದು ಹೇಗೆ ಎಂದು ಯಾರೂ ಹೇಳಲಿಲ್ಲ. ವಾಣಿಶ್ರೀ ಮಾತ್ರ ನಿಂತೇ ಬರುತ್ತೇನೆಂದು ಕಂಬಿ ಹಿಡಿದಿದ್ದಳು. ಮುರುಗೇಶಪ್ಪ ಹೋಗಿ ಕೂತ. ಕೊಡ ತೊಡೆಯ ಮೇಲಿಟ್ಟುಕೊಂಡ. ಬಸ್ಸು ಹೊರಟಿತು. ಹೊನ್ನಾಳಿಯವರೆಗೂ ಇಬ್ಬರೂ ಆಚೆ ಈಚೆಯ ಕಿಟಕಿಗಳನ್ನೇ ನೋಡಿದರು.

ಹೊನ್ನಾಳಿ ದಾಟಿದ ಮೇಲೊಂದು ಹಂಪು ಬಂತು. ಕೊಡ ಎಗರಿತು. ನಾಲ್ಕು ಕೈಗಳು ಒಟ್ಟಿಗೆ ಹಿಡಿದವು. ಅರ್ಧ ಬೊಗಸೆ ನೀರು ಇಬ್ಬರ ಪಂಚೆಗೂ ಬಿತ್ತು.

"ಕೊಡ ಹಿಡಿಯಾಕೂ ಬರಲ್ವಾ ಭಾವ?" ಎಂದ ನಾಗೇಂದ್ರಪ್ಪ.

"ಹಿಡಿಯಾಕೆ ಬರ್ತೈತೆ. ನಿಮ್ಮ ಡ್ರೈವರಿಗೆ ಓಡ್ಸಾಕೆ ಬರಲ್ಲ."

"ಹಂಪು ಹಾಕ್ಸಿದ್ದು ಹೊನ್ನಾಳಿಯೋರು. ನಿಮ್ಮ ಕಡೆಯೋರು."

"ಹಂಪಿಲ್ಲದಿದ್ರೆ ನಿಮ್ಮ ದುರುಗಪ್ಪ ನಮ್ಮನ್ನ ಹಾರಿಸ್ಕಂಡು ಹೋಗ್ತಿದ್ದ."

ಮುಂದಿನ ಸೀಟುಗಳಲ್ಲಿ ಹಾಡು ನಿಂತುಹೋಗಿತ್ತು. ಹೆಂಗಸರೆಲ್ಲ ಕಿವಿಯನ್ನು ಹಿಂದಕ್ಕೆ ಕಳಿಸಿ ಮುಖವನ್ನು ಮುಂದಕ್ಕೆ ಇಟ್ಟುಕೊಂಡಿದ್ದರು.   ಆಮೇಲೆ ನಾಗೇಂದ್ರಪ್ಪನ ದನಿ.

"ಭಾವ, ನಿಮ್ಮ ಜೇಬಿನಾಗೆ ಅಡಿಕೆ ಐತಾ?"

"ಯಾಕೆ? ನಮ್ಮ ತೋಟದ್ದೇ ಐತೆ."

"ಎರಡು ಕೊಡ್ರಿ ಇಲ್ಲಿ. ಗಿಡ್ಡಮ್ಮಾ, ಪೂಜೆ ತಟ್ಟೆಯಾಗಿಂದ ಒಂದು ಕವಳೆ ಎಲೆ ದಾಟಿಸು."

ಎಲೆ ಸೀಟಿನಿಂದ ಸೀಟಿಗೆ, ಕೈಯಿಂದ ಕೈಗೆ ಹಿಂದೆ ಹೋಯಿತು. ನಾಗೇಂದ್ರಪ್ಪ ಓಲಾಡುವ ಬಸ್ಸಿನಲ್ಲಿ ಎದ್ದು ನಿಂತ. ಎಲೆಯ ಮೇಲೆ ಆ ಎರಡು ಅಡಿಕೆ ಇಟ್ಟು, ಎರಡೂ ಕೈಯಲ್ಲಿ ಹಿಡಿದ. ಗಂಟಲು ಸರಿ ಮಾಡಿಕೊಂಡ.

"ಶ್ರಾವಣದ ಕೊನೆಗೆ ನಿಮ್ಮ ಸೊಸಿ ಮದುವೆ ಐತೆ. ಮನೆಮಂದಿ ಎಲ್ಲ ಮುಂಚೇನೇ ಬರ್ಬೇಕು. ಸೋದರಮಾವ ಅಂತ ನೀವು ನಿಂತು ನಡೆಸ್ಬೇಕು."

ಮುರುಗೇಶಪ್ಪ ಕೊಡವನ್ನು ಕಂಕುಳಿಗೆ ಸರಿಸಿ, ಎಲೆಯನ್ನು ನೋಡಿದ, ಅಡಿಕೆಯನ್ನು ನೋಡಿದ, ನಾಗೇಂದ್ರಪ್ಪನ ಮುಖ ನೋಡಿದ.

"ನನ್ನ ಅಡಿಕೆ ನನಗೇ ಕೊಟ್ಟು ಕರೀತೀರಲ್ರೀ!"

"ಎಲೆ ನಮ್ದು."

ಮುರುಗೇಶಪ್ಪ ಎರಡೂ ಕೈಯಲ್ಲಿ ಎಲೆ ಅಡಿಕೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಅವನ ಕಂಕುಳಿನಿಂದ ಜಾರುತ್ತಿದ್ದ ಕೊಡವನ್ನು ಅಷ್ಟರಲ್ಲಿ ನಾಗೇಂದ್ರಪ್ಪ ಹಿಡಿದುಕೊಂಡ. ಮುಂದಿನ ಸೀಟಿನಲ್ಲಿ ಶಂಕ್ರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡಿದಳು. ಅವಳ ಬೆನ್ನ ಹಿಂದೆ ಮದುವೆಗೆ ಹಂದರ ಎಷ್ಟು ಕಂಬದ್ದು, ಸಿಹಿಗೆ ಹೋಳಿಗೆಯೋ ಬೂಂದಿಯೋ ಎಂದು ಇಬ್ಬರೂ ದನಿಯೆತ್ತಿ ಜಗಳ ಶುರು ಮಾಡಿದ್ದರು.